ಬಳೆಯ ಮೇಲೆ ಏನು ಬರೆಸಲಿ, ಅಕ್ಕಾ?

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ಒಂಬತ್ತನೇ ಕ್ಲಾಸಿನಿಂದ ಫಿಟ್ಸ್ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಆದರೂ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ. ಕೆಲಸಕ್ಕೆ ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿಬರುತ್ತೇನೆ. ಹೋದ ತಿಂಗಳು ಬಸ್ಸಿನಲ್ಲೇ ಬಂತು. ಎಚ್ಚರವಾದಾಗ ಮುಷ್ಟಿಯೊಳಗೆ ಯಾರದೋ ಬೈಕಿನ ಕೀಲಿ ಇತ್ತು, ಕುಪ್ಪಸವೆಲ್ಲ ನೀರು. ರೋಗದ ವಿವರ ಕೆತ್ತಿದ ಬಳೆ ಹಾಕಿಕೋ ಎಂದು ಡಾಕ್ಟರು ಹೇಳಿದ್ದಾರೆ. ಆಯಿ ಒಪ್ಪುವುದಿಲ್ಲ. "ರೋಗಾನ ಕೈಗೆ ಕಟ್ಟಿಕೊಂಡು ಊರು ತಿರುಗ್ತೀಯಾ? ನಾಳೆ ಗಂಡಿನ ಕಡೆಯವರು ಏನಂತಾರೆ?" ಎನ್ನುತ್ತಾಳೆ. ಹಾಕಿಕೊಳ್ಳಲಾ? ಹಾಕಿಕೊಂಡರೆ ಏನು ಬರೆಸಲಿ?
– ಹೆಸರು ಬೇಡ, ಅಂಕೋಲಾ

ಉತ್ತರ: ತಂಗೀ, ನಿನ್ನ ಪತ್ರ ಓದುವಾಗ ನನ್ನ ನಾಲಿಗೆ ತಾನಾಗಿ ಮುಂದಿನ ಹಲ್ಲಿನ ಹತ್ತಿರ ಹೋಯಿತು. ಆ ಹಲ್ಲಿನ ತುದಿ ಮುರಿದಿದೆ. ಮೂವತ್ತು ವರ್ಷದ ಹಿಂದೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದೆ. ನಾಲಿಗೆ ಕಚ್ಚಿಕೊಂಡೀತು ಎಂದು ಯಾರೋ ಪುಣ್ಯಾತ್ಮರು ಹಲ್ಲಿನ ನಡುವೆ ಚಮಚ ತುರುಕಿದ್ದರು. ಒಬ್ಬರು ಕೀಲಿಗೊಂಚಲು ಹಿಡಿಸಿದರಂತೆ, ಇನ್ನೊಬ್ಬರು ಚಪ್ಪಲಿ ಮೂಸಿಸಿದರಂತೆ. ಯಾರ ಮನಸ್ಸೂ ಕೆಟ್ಟದ್ದಲ್ಲ. ಏನು ಮಾಡಬೇಕು ಎನ್ನುವುದು ಗೊತ್ತಿರಲಿಲ್ಲ. ನಾನು ಹೇಳೋಣವೆಂದರೆ ನನಗೇ ಪ್ರಜ್ಞೆ ಇಲ್ಲ.

ತಮಾಷೆ ಏನು ಗೊತ್ತಾ? ಅವತ್ತು ನನ್ನ ಕೊರಳಲ್ಲಿ ಬೆಳ್ಳಿಯ ಪದಕ ಇತ್ತು. ಶೇಟರ ಹತ್ತಿರ ಹೇಳಿ ಮಾಡಿಸಿದ್ದು. ಅದರ ಮೇಲೆ 'ಅಪಸ್ಮಾರ' ಎಂದು ಚೆಂದದ ಅಕ್ಷರ, ಕೆಳಗೆ ಮನೆಯ ಫೋನ್ ನಂಬರ್. ಆದರೆ ಕರಿಮಣಿ, ಇನ್ನೊಂದು ಸರ, ಅದರ ಜೊತೆ ಇದು, ಎಲ್ಲವೂ ರವಿಕೆಯ ಒಳಗೆ. ಬಿದ್ದ ಹೆಂಗಸಿನ ಕೊರಳಿಗೆ ಕೈ ಹಾಕಿ ನೋಡುವ ಧೈರ್ಯ ಯಾರಿಗಿದೆ? ಹಾಕಿದವನನ್ನು ಸರಗಳ್ಳ ಎಂದು ಹಿಡಿದಿರುತ್ತಿದ್ದರು.

ಅದಕ್ಕೇ ಹೇಳುತ್ತೇನೆ, ಕೊರಳು ಬೇಡ, ಕೈಗೇ ಹಾಕಿಕೋ. ಅದೂ ಬಳೆ ಇಲ್ಲದ ಕೈಗೆ. ಡಜನ್ ಬಳೆಗಳ ನಡುವೆ ಇದ್ದರೆ ಇದೂ ಒಂದು ಬಳೆಯೇ ಆಗಿಬಿಡುತ್ತದೆ. ಆಂಬುಲೆನ್ಸಿನವರು ನಾಡಿ ನೋಡಲು ಮೊದಲು ಹಿಡಿಯುವುದೂ ಮಣಿಕಟ್ಟನ್ನೇ. ಬೆಳ್ಳಿಯ ಆಸೆ ಬಿಡು. ನಮ್ಮ ಕಡಲ ಗಾಳಿಗೆ, ಬೆವರಿಗೆ ನನ್ನ ಪದಕ ಕಪ್ಪಾಗಿ ಅಕ್ಷರ ಕಾಣುತ್ತಿರಲಿಲ್ಲ, ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸಾಕಾಗಿತ್ತು. ಒಳ್ಳೆಯ ಸ್ಟೀಲಿನ ಚಪ್ಪಟೆ ತಗಡು, ಎರಡೂ ಕಡೆ ಚೈನು, ಅಷ್ಟು ಸಾಕು. ಶೀಲ್ಡು, ಟ್ರೋಫಿಗೆ ಹೆಸರು ಕೆತ್ತುವ ಅಂಗಡಿಯಲ್ಲಿ ಬರೆದುಕೊಡುತ್ತಾರೆ.

ಇನ್ನು ಏನು ಬರೆಸುವುದು. ನಿನ್ನ ಪ್ರಶ್ನೆಯಲ್ಲಿ ನನಗೆ ತುಂಬ ಇಷ್ಟವಾಗಿದ್ದು ಇದೇ. ಜಾಸ್ತಿ ಜನ ಬಳೆ ಕೊಳ್ಳುತ್ತಾರೆ, ಓದುವವರು ಯಾರು ಎಂದು ಯೋಚಿಸುವುದಿಲ್ಲ. ನಿನ್ನನ್ನು ಮೊದಲು ಮುಟ್ಟುವವರು ಡಾಕ್ಟರಲ್ಲ. ಕಂಡಕ್ಟರು, ಪಕ್ಕದ ಸೀಟಿನ ಕಾಲೇಜು ಹುಡುಗ, ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮ. ಅಪಸ್ಮಾರ ಎಂದರೆ ಅವರಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತದೆ? ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಆದರೂ ಹೇಳುತ್ತೇನೆ, 'ಫಿಟ್ಸ್' ಎಂದೇ ಬರೆಸು. ಮೇಲಿನ ಮುಖದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು:

ಫಿಟ್ಸ್ ಇದೆ
ಮಗ್ಗುಲಿಗೆ ಮಲಗಿಸಿ
ಬಾಯಿಗೆ ಏನೂ ಬೇಡ
5 ನಿಮಿಷ ದಾಟಿದರೆ 108

ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ತಾನೇ ನಿಲ್ಲುತ್ತದೆ. ಕಬ್ಬಿಣ ಹಿಡಿಸಿದ ಹೊತ್ತಿಗೆ ಹೇಗೂ ನಿಲ್ಲುವ ಸಮಯ ಆಗಿರುತ್ತದೆ, ಹೆಸರು ಕೀಲಿಗೆ ಬರುತ್ತದೆ! ಕೀಲಿಯಿಂದ ಉಪಯೋಗವೂ ಇಲ್ಲ, ದೊಡ್ಡ ಅಪಾಯವೂ ಇಲ್ಲ. ಅಪಾಯ ಇರುವುದು ಚಮಚದಲ್ಲಿ, ನೀರಿನಲ್ಲಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಿದರೆ ಉಸಿರುನಾಳಕ್ಕೆ ಹೋಗಬಹುದು. ಮಗ್ಗುಲಿಗೆ ಮಲಗಿಸಿದರೆ ಜೊಲ್ಲು ಹೊರಗೆ ಹರಿಯುತ್ತದೆ, ಉಸಿರಾಟ ಸರಾಗವಾಗುತ್ತದೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಮ್ಮೆ ಬಂದರೆ ಆಸ್ಪತ್ರೆಗೆ ಹೋಗಲೇಬೇಕು.

ಹಿಂದಿನ ಮುಖ ಇಂಗ್ಲಿಷಿನಲ್ಲಿರಲಿ. ನಮ್ಮ ಜಿಲ್ಲೆಯವರ ಪಾಡು ನಿನಗೆ ಗೊತ್ತಲ್ವಾ, ಸ್ವಲ್ಪ ಗಂಭೀರವಾದರೆ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ಗೋವಾದ ನರ್ಸಮ್ಮನಿಗೆ ನಮ್ಮ ಕನ್ನಡ ಓದಲು ಬರಬೇಕಲ್ಲ. ಎಪಿಲೆಪ್ಸಿ ಎನ್ನುವ ಪದ, ನಿನ್ನ ಹೆಸರು, ಯಾವುದಾದರೂ ಔಷಧ ಒಗ್ಗದಿದ್ದರೆ ಅದರ ಹೆಸರು, ಎರಡು ಫೋನ್ ನಂಬರ್. ಅವರಲ್ಲಿ ಒಬ್ಬರಾದರೂ ಗುರುತಿಲ್ಲದ ನಂಬರಿನ ಕರೆ ಎತ್ತುವವರಾಗಿರಲಿ. ನಮ್ಮೆಜಮಾನರು ಎತ್ತುವುದಿಲ್ಲ, ಸಾಲ ಕೊಡುವ ಬ್ಯಾಂಕಿನವರು ಎನ್ನುತ್ತಾರೆ. ಹಾಗಾಗಿ ನನ್ನ ಬಳೆಯ ಮೇಲೆ ನಾದಿನಿಯ ನಂಬರ್ ಇದೆ.

ದಿನಾ ತಗೊಳ್ಳುವ ಮಾತ್ರೆಯ ಹೆಸರು ಕೆತ್ತಿಸಬೇಡ. ಡಾಕ್ಟರು ಮಾತ್ರೆ ಬದಲಿಸಿದರೆ ಬಳೆ ಸುಳ್ಳು ಹೇಳುತ್ತದೆ. ಅದನ್ನೂ ಪ್ರಮಾಣವನ್ನೂ ಒಂದು ಕಾರ್ಡಿನ ಮೇಲೆ ಬರೆದು ಪರ್ಸಿನಲ್ಲಿಡು. ಮೊಬೈಲಿನಲ್ಲೂ ತುರ್ತು ಮಾಹಿತಿ ತುಂಬುವ ಜಾಗ ಇರುತ್ತದೆ, ಲಾಕ್ ತೆಗೆಯದೆ ಬೇರೆಯವರು ಓದಬಹುದು. ಕ್ಯೂಆರ್ ಕೋಡಿನ ಬಳೆಯೂ ಸಿಗುತ್ತದೆ. ಅದೊಂದನ್ನೇ ನಂಬಬೇಡ. ಘಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಅದು ಸುಮ್ನೆ ಒಂದು ರಂಗೋಲಿ.

ಈಗ ಆಯಿಯ ವಿಷಯ. ಆಕೆಯ ಮೇಲೆ ಸಿಟ್ಟಾಗಬೇಡ. ನನಗೆ ಹದಿಮೂರನೇ ವಯಸ್ಸಿನಲ್ಲಿ ಶುರುವಾದಾಗ ನಮ್ಮಾಯಿ ಹರಕೆ ಹೊತ್ತು ತೋಳಿಗೆ ತಾಯಿತ ಕಟ್ಟಿಸಿದ್ದಳು. ಶಾಲೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಯಾಕೆ ಕಟ್ಟಿದ್ದು ಎಂದೂ ಗೊತ್ತಿತ್ತು. ರೋಗಾನ ಕೈಗೆ ಕಟ್ಟಿಕೊಂಡಳು ಎಂದು ಒಬ್ಬರೂ ಅನ್ನಲಿಲ್ಲ. ಇದನ್ನು ನಿನ್ನ ಆಯಿಗೆ ಹೇಳಿ ನೋಡು. ಇನ್ನೊಂದು ಕಥೆಯನ್ನೂ ಹೇಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರೊಬ್ಬರ ಮಗಳಿಗೆ 1953ರಲ್ಲಿ ಧನುರ್ವಾಯುವಿನ ಮದ್ದು ಒಗ್ಗದೆ ಜೀವಕ್ಕೇ ಬಂದಿತ್ತು. ಅವಳು ಕಾಲೇಜಿಗೆ ಹೊರಟಾಗ ಅಪ್ಪ ಅಮ್ಮ ಆ ವಿಷಯ ಕೆತ್ತಿದ ಬೆಳ್ಳಿಯ ಬಳೆ ಮಾಡಿಸಿಕೊಟ್ಟರು. 1956ರಲ್ಲಿ ಇಂಥ ಬಳೆ ಮಾಡಿಕೊಡುವ ಮೆಡಿಕ್‌ಅಲರ್ಟ್ ಸಂಸ್ಥೆ ಶುರುವಾಗಿದ್ದು ಅದರಿಂದಲೇ. ಊರು ಬಿಟ್ಟು ಹೊರಟ ಮಗಳ ಚಿಂತೆ ಯಾವ ಆಯಿಗೂ ಅರ್ಥವಾಗುತ್ತದೆ.

ಮದುವೆಯ ಮಾತು. ಹೇಳಿಯೇ ಆಗು. ಕಾನೂನು ಕೂಡ 1999ರಲ್ಲೇ ಬದಲಾಗಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದಿದ್ದ ಪಟ್ಟಿಯಿಂದ ಅಪಸ್ಮಾರವನ್ನು ತೆಗೆದುಹಾಕಿದರು. ಮುಚ್ಚಿಟ್ಟರೆ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕು, ಒಂದು ದಿನ ತಪ್ಪುತ್ತದೆ. ಮದುವೆಮನೆಯ ನಿದ್ದೆಗೇಡೂ ಸೇರಿಕೊಂಡರೆ ಮಂಟಪದಲ್ಲೇ ಬರಬಹುದು. ನನಗೆ ಎರಡು ಸಂಬಂಧ ಹಿಂದೆ ಸರಿದವು. ಅತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮೂರನೆಯವರು "ಬಂದರೆ ನಾನು ಏನು ಮಾಡಬೇಕು?" ಎಂದು ಕೇಳಿದರು. ಫೋನ್ ಎತ್ತದವರು ಅವರೇ. ಮದುವೆ ನಿಶ್ಚಯವಾದರೆ ಒಮ್ಮೆ ಡಾಕ್ಟರ ಹತ್ತಿರ ಹೋಗು. ಫಿಟ್ಸಿನ ಕೆಲವು ಮಾತ್ರೆಗಳಿಂದ ಹೊಟ್ಟೆಯ ಕೂಸಿಗೆ ತೊಂದರೆ ಆಗಬಹುದು, ಮೊದಲೇ ಬದಲಿಸಬೇಕಾಗುತ್ತದೆ. ನೀನಾಗಿಯೇ ಮಾತ್ರೆ ನಿಲ್ಲಿಸಬೇಡ.

ಎಂಆರ್‌ಐ ಮಾಡಿಸುವಾಗ ಬಳೆ ಬಿಚ್ಚಿಡು. ದಿನಾ ಹೋಗುವ ಬಸ್ಸಿನ ಕಂಡಕ್ಟರಿಗೆ ಒಮ್ಮೆ ತೋರಿಸಿಡು.

ಕೊನೆಗೆ ಒಂದು, ಕೆತ್ತುವವರ ಮೇಲೆ ಕಣ್ಣಿರಲಿ. ನನ್ನ ಮೊದಲ ಸ್ಟೀಲಿನ ಬಳೆಯಲ್ಲಿ 'ಬಾಯಿಗೆ ಏನಾದರೂ ಹಾಕಬೇಡಿ' ಎಂದು ಬರೆಯಲು ಹೋಗಿ ಜಾಗ ಸಾಲದೆ 'ಹಾಕ' ಮೇಲಿನ ಸಾಲಿನಲ್ಲಿ, 'ಬೇಡಿ' ತಗಡಿನ ಅಂಚಿನಲ್ಲಿ ಹೋಯಿತು. ಆರು ತಿಂಗಳಲ್ಲಿ ಅಂಚು ಸವೆದು 'ಬಾಯಿಗೆ ಏನಾದರೂ ಹಾಕ' ಅಷ್ಟೇ ಉಳಿಯಿತು! ಸಾಲು ಸಣ್ಣದಿರಲಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಗಟ್ಟಿಯಾಗಿ ಓದಿ ನೋಡು.