ಉದ್ದ ಪೋರ್ಚುಗೀಸ್ ಪದ ಒಡೆಯುವಾಗ ನಮ್ಮ ಒತ್ತಕ್ಷರವನ್ನು ನಂಬಬೇಡಿ

ಉದ್ದುದ್ದ ಪೋರ್ಚುಗೀಸ್ ಪದಗಳನ್ನು ಎಲ್ಲಿ ಒಡೆಯಬೇಕು, ಒತ್ತು ಎಲ್ಲಿ ಬೀಳುತ್ತದೆ (ಅಂದರೆ ಯಾವ ತುಂಡನ್ನು ಜೋರಾಗಿ ಹೇಳಬೇಕು) ಅಂತ ಕೇಳಿದ್ದೀರಿ. ನಾನೂ ಇಲ್ಲೇ ತಿಂಗಳುಗಟ್ಟಲೆ ಒದ್ದಾಡಿದ್ದೇನೆ, ಕಾಡಿದ್ದು ಮಾತ್ರ ಕನ್ನಡ ಲಿಪಿಯ ಅಭ್ಯಾಸ.

ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಪೋರ್ಚುಗೀಸಿನಲ್ಲಿ ಓತೊರ್ರಿನೊಲರಿಂಗೊಲೊಜಿಸ್ತ ಅನ್ನುತ್ತಾರೆ. ಅದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಅಕ್ಷರಕ್ಕೊಂದು ಗೆರೆ ಎಳೆದೆ, ಕೊನೆಗೆ 'ಜಿ-ಸ್ತ' ಅಂತಾಯ್ತು. ತಪ್ಪು. ಆ 'ಸ್' ಹಿಂದಿನ ತುಂಡಿಗೆ ಹೋಗಬೇಕು: ಓ-ತೊರ್-ರಿ-ನೊ-ಲ-ರಿನ್-ಗೊ-ಲೊ-ಜಿಸ್-ತ, ಒಟ್ಟು 10. ಶಾಲೆಯಲ್ಲಿ ಲಘು-ಗುರು ಹಾಕುವಾಗ ಒತ್ತಕ್ಷರದ ಹಿಂದಿನದು ಗುರು ಆಗುತ್ತಿತ್ತಲ್ವಾ, ಅದೇ ಕಿವಿ ಇಲ್ಲಿ ಬೇಕು. ಆದರೆ ಪ, ಬ, ತ, ದ, ಕ, ಗ, ಫ ಇವುಗಳ ಬೆನ್ನಿಗೆ ರ ಅಥವಾ ಲ ಬಂದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ನಮ್ಮ ಪಾದ್ರಿಯ ಮೂಲ ಪದ ಪಾ-ದ್ರೆ, ಎರಡೇ ತುಂಡು.

ಒತ್ತನ್ನು ಯಾವಾಗಲೂ ಕೊನೆಯಿಂದ ಹುಡುಕಿ. ಪೋರ್ಚುಗೀಸ್ ಬರಹದಲ್ಲಿ ಸ್ವರದ ತಲೆ ಮೇಲೆ ಓರೆ ಗೆರೆ (á) ಅಥವಾ ಟೋಪಿ (â) ಇದ್ದರೆ ಒತ್ತು ಅಲ್ಲೇ, ಬೇರೆ ಯೋಚನೆ ಬೇಡ. ಇಲ್ಲದಿದ್ದರೆ, ಬರಹದಲ್ಲಿ ಅ, ಎ, ಒ ಇಂದ ಮುಗಿಯುವ ಪದಕ್ಕೆ (ಕೊನೆಗೆ ಸ್ ಇದ್ದರೂ ಸರಿ) ಕೊನೆಯಿಂದ ಎರಡನೆಯದು; ರ್, ಲ್, ಇ, ಉ ಇಂದ ಮುಗಿದರೆ ಕೊನೆಯದು. ಹಾಗಾಗಿ ಡಾಕ್ಟರ್ ಪದದಲ್ಲಿ 'ಜಿಸ್', ಬ್ರ-ಜೀಲ್‌ನಲ್ಲಿ 'ಜೀಲ್'.

ಗೆರೆಯನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಸಾ-ಬ್ಯ ಅಂದರೆ ತಿಳಿವಳಿಕೆಯುಳ್ಳವಳು, ಸ-ಬೀ-ಯ ಅಂದರೆ ಗೊತ್ತಿತ್ತು, ಸ-ಬಿ-ಯಾ ಅಂದರೆ ಒಂದು ಹಾಡುಹಕ್ಕಿ. ಪೋರ್ಚುಗೀಸ್ ಬರಹದಲ್ಲಿ ಮೂರಕ್ಕೂ ಅಕ್ಷರಗಳು ಅವೇ (sábia, sabia, sabiá), ಬೇರೆಯಾಗುವುದು ಗೆರೆ ಮಾತ್ರ. ನನಗೆ ಒತ್ತಿನ ಬೆಲೆ ಗೊತ್ತಾಗಿದ್ದೇ ಈ ಮೂರರಿಂದ.

ಉದ್ದ ಪದಗಳಲ್ಲಿ ಬಾಲ ನೋಡಿದರೆ ಅರ್ಧ ಕೆಲಸ ಮುಗಿಯಿತು. 'ಮೆಂತೆ' ಬಾಲ ಸೇರಿದರೆ ಒತ್ತು 'ಮೆನ್' ಮೇಲೆ: ರಾ-ಪಿ-ದ ಅನ್ನುವುದು ರ-ಪಿ-ದ-ಮೆನ್-ತೆ ಆದಾಗ ಮೊದಲಿದ್ದ ಗೆರೆಯೂ ಬಿದ್ದುಹೋಗುತ್ತದೆ. 'ದಾದೆ' ಬಾಲವಾದರೆ 'ದಾ' ಮೇಲೆ. ಜವಾಬ್ದಾರಿ ಅನ್ನುವುದಕ್ಕೆ ರೆಸ್-ಪೊನ್-ಸ-ಬಿ-ಲಿ-ದಾ-ದೆ. ನಾವು ಕನ್ನಡದವರು ಏಳೂ ತುಂಡಿಗೆ ಒಂದೇ ತೂಕ ಕೊಡುತ್ತೇವೆ, ಅದು ಜಾಸ್ತಿ ಆಗುತ್ತದೆ. 'ದಾ' ಒಂದನ್ನೇ ಎಳೆದು ಕೊನೆಯ 'ದೆ'ಯನ್ನು ಸಡಿಲ ಬಿಡಿ. ಬ್ರೆಜಿಲ್‌ನ ಬಹುಪಾಲು ಜನರ ಬಾಯಲ್ಲಿ ಅದು 'ಜಿ' ಆಗಿರುತ್ತದೆ, ಪೋರ್ಚುಗಲ್‌ನಲ್ಲಿ ಆ ಎಕಾರವನ್ನು ನುಂಗಿಯೇ ಬಿಡುತ್ತಾರೆ.