ಪ್ರೀತಿ ಮತ್ತು ದಾಂಪತ್ಯದ ಪ್ರಶ್ನೆಗಳಿಗೆ ಯಾವ ಟ್ಯಾರೋ ಕಟ್ಟು ಸೂಕ್ತ?

ಕಲಬುರಗಿಯಲ್ಲಿ ಗೆಳತಿಯರಿಗಾಗಿ ಟ್ಯಾರೋ (ಇಸ್ಪೀಟಿನಂಥ ಚಿತ್ರದ ಎಲೆಗಳಿಂದ ಭವಿಷ್ಯ ಹೇಳುವ ಪದ್ಧತಿ) ನೋಡಲು ಆರಂಭಿಸಿರುವ ತಾವು, ಪ್ರೀತಿಯ ಪ್ರಶ್ನೆಗಳಿಗೆಂದೇ ಬೇರೆ ಕಟ್ಟು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. 1909ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ರೈಡರ್-ವೇಟ್ ಕಟ್ಟು ಅಥವಾ ಅದೇ ಮಾದರಿಯ ಹೊಸ ಕಟ್ಟು ಸಾಕು.

ಕಾರಣವಿಷ್ಟೆ: ಅದರ 78 ಎಲೆಗಳಲ್ಲಿ 56 ಎಲೆಗಳು ದಿನನಿತ್ಯದ ಬದುಕಿಗೆ ಸಂಬಂಧಿಸಿದವು, ಮತ್ತು ಅವುಗಳಲ್ಲಿಯೂ ಮನುಷ್ಯರ ಚಿತ್ರಗಳಿವೆ. ಭಾವನೆಗಳನ್ನು ಸೂಚಿಸುವ ಬಟ್ಟಲುಗಳ ಗುಂಪಿನ ಎರಡನೆಯ ಎಲೆಯಲ್ಲಿ ಗಂಡು ಹೆಣ್ಣು ಎದುರುಬದುರಾಗಿ ನಿಂತು ಬಟ್ಟಲು ಹಿಡಿದಿದ್ದಾರೆ. ಐದನೆಯದರಲ್ಲಿ ಕಪ್ಪು ನಿಲುವಂಗಿಯ ವ್ಯಕ್ತಿಯೊಬ್ಬ ಚೆಲ್ಲಿದ ಮೂರನ್ನೇ ನೋಡುತ್ತ, ಹಿಂದೆ ನೆಟ್ಟಗೆ ನಿಂತಿರುವ ಎರಡನ್ನು ಮರೆತಿದ್ದಾನೆ. ಮುನಿಸಿನಿಂದ ತವರಿಗೆ ಬಂದು ಕುಳಿತವಳಿಗೆ ಈ ಚಿತ್ರವೇ ಮಾತಿಗೆ ದಾರಿ ಮಾಡಿಕೊಡುತ್ತದೆ.

ಫ್ರಾನ್ಸಿನ ಹಳೆಯ ಮಾದರಿಯಾದ ಮಾರ್ಸೇ ಕಟ್ಟಿನಲ್ಲಿ ಅಂಥ ಎಲೆಗಳ ಮೇಲೆ ಬರೀ ಬಟ್ಟಲುಗಳ ಎಣಿಕೆಯಿರುವುದರಿಂದ ಹೊಸಬರಿಗೆ ಅದು ಕಷ್ಟ. ಆದರೂ ಅದರ 'ಪ್ರೇಮಿ' ಎಲೆ ನನಗೆ ಬಹಳ ಪ್ರಿಯ: ರೈಡರ್-ವೇಟ್‌ನಲ್ಲಿ ದೇವದೂತನ ಕೆಳಗೆ ಜೋಡಿಯೊಂದಿದ್ದರೆ, ಇಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಯುವಕ ನಿಂತಿದ್ದಾನೆ. ಸೋದರಮಾವನ ಮಗನೋ, ಕಾಲೇಜಿನಲ್ಲಿ ಮೆಚ್ಚಿದವನೋ ಎಂಬ ನಮ್ಮ ಕಡೆಯ ಇಕ್ಕಟ್ಟಿಗೆ ಇದಕ್ಕಿಂತ ಹತ್ತಿರದ ಚಿತ್ರವಿಲ್ಲ.

ಕೇವಲ ಸಿಹಿ ಎಲೆಗಳಿರುವ 'ಲವ್ ಒರಾಕಲ್' ಕಟ್ಟುಗಳು ಟ್ಯಾರೋ ಅಲ್ಲ. ಹೃದಯಕ್ಕೆ ಮೂರು ಕತ್ತಿ ನೆಟ್ಟ ಎಲೆಯೂ ಇರುವ ಕಟ್ಟನ್ನೇ ಕೊಳ್ಳಿ. ಕೊಂಡ ಕೂಡಲೇ 78 ಎಲೆಗಳನ್ನು ಎಣಿಸಿ ನೋಡಿ.