ಹಿಟ್ಟು ನಾದಲು ಬಗ್ಗಿದಾಗ ಬರುವ ‘ಟೆನ್ಷನ್’

ಕಲಬುರಗಿಯಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವ 38 ವರ್ಷದ ಮಹಿಳೆ ಗಂಡನ ಜೊತೆ ನನ್ನ ಬಳಿ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

“ಟೆನ್ಷನ್ ಜಾಸ್ತಿ ಮಾಡ್ಕೋತಾಳ್ರಿ ಮೇಡಂ, ಈಕಿಗಿ ಜರಾ ತಿಳಿಸಿ ಹೇಳ್ರಿ” ಎಂದರು ಗಂಡ. ಅತ್ತೆ ಆಗಲೇ ತಾಯಿತ ಕಟ್ಟಿಸಿದ್ದರು. ಪ್ಯಾನಿಕ್, ಅಂದರೆ ದಿಢೀರನೆ ಬರುವ ವಿಪರೀತ ಹೆದರಿಕೆ ಎಂದು ಯಾರೋ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಬರೆದುಕೊಟ್ಟಿದ್ದರು.

ಅದು ಬರುವ ಮುಂಚೆ ಮನಸ್ಸಿನಲ್ಲಿ ಏನಿರುತ್ತದೆ ಎಂದು ಕೇಳಿದೆ.

“ಏನೂ ಇರಲ್ರಿ. ಹಿಟ್ಟು ನಾದ್ಲಿಕ್ಕ ಬಗ್ಗಿದ್ರ ಸಾಕು, ತೆಲಿ ಸಿಡೀತದ. ಎದಿ ಡಬಡಬ ಅಂತದ. ಬೆವರಿಗಿ ಕುಪ್ಪಸ ತೊಯ್ತದ. ಮಾರಿ ಬೆಳ್ಳಗ ಆಗ್ತದಂತ, ಮಗಳು ಹೇಳ್ತಾಳ.”

ನಮ್ಮೂರ ಬೇಸಿಗೆಯಲ್ಲಿ ಒಲೆ ಮುಂದೆ ಕೂತವರು ಬೆವರಲೇಬೇಕು ಅಲ್ವಾ? ಆದರೆ ಇವರಿಗೆ ಚಳಿಗಾಲದಲ್ಲೂ ಹೀಗೇ ಆಗುತ್ತಿತ್ತು. ಹೆದರಿಕೆ ಬರುತ್ತಿದ್ದುದು ಕೊನೆಗೆ. ಪ್ಯಾನಿಕ್ ಕೂಡ ಕಾರಣವಿಲ್ಲದೆ ಬರಬಹುದು, ನಿಜ. ಆದರೂ ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ, ಅದೂ ಬಗ್ಗಿದಾಗ ಬಂದರೆ ಸುಮ್ನೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸುವುದು ಸರಿಯಲ್ಲ.

ನನ್ನ ಮೊದಲ ಸಲಹೆ: ಅದು ಬಂದಾಗಲೇ ಬಿಪಿ ನೋಡಿ. ನನ್ನೆದುರು 116/74 ಇತ್ತು. ಪಕ್ಕದ ಮನೆಯ ಮಷೀನಿನಲ್ಲಿ, ತಲೆ ಸಿಡಿಯುವಾಗ, 210/120. ಬಿಪಿ ಬರೆದ ಚೀಟಿ, ಮಾತ್ರೆಯ ಹಾಳೆ ಎರಡನ್ನೂ ಅದೇ ದಿನ ಫಿಸಿಷಿಯನ್‌ಗೆ ತೋರಿಸಲು ಹೇಳಿದೆ. ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇರಬಹುದು ಎಂಬ ಅನುಮಾನ ನನ್ನದು. ಹಾಗಿದ್ದರೆ ಪ್ರೊಪ್ರನೊಲಾಲ್ ಒಂದನ್ನೇ ಕೊಟ್ಟರೆ ಬಿಪಿ ಇನ್ನೂ ಏರಬಹುದು. ಮೊದಲು ಬಿಗಿದ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಕೊಡಬೇಕು.

ರಕ್ತದಲ್ಲಿ ಮೆಟಾನೆಫ್ರಿನ್, ಅಂದರೆ ಅಡ್ರಿನಲಿನ್‌ನಂಥ ಹಾರ್ಮೋನಿನಿಂದ ಉಂಟಾಗುವ ವಸ್ತು, ತುಂಬಾ ಹೆಚ್ಚಿತ್ತು. ಸಿಟಿ ಸ್ಕ್ಯಾನಿನಲ್ಲಿ ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಹೆಸರು ಫಿಯೋಕ್ರೊಮೊಸೈಟೋಮ. ಇದು ಅಪರೂಪ, ಎದೆ ಹೊಡೆದುಕೊಳ್ಳುವ ಎಲ್ಲರಿಗೂ ಇರುವುದಿಲ್ಲ.

ದಂಪತಿಗೆ ಹೀಗೆ ವಿವರಿಸಿದೆ. ಕಿಡ್ನಿಯ ಮೇಲೆ ಟೋಪಿಯಂತೆ ಕೂತ ಗ್ರಂಥಿ ಇದು. ನಾವು ಹೆದರಿದಾಗ ನರದಿಂದ ಸಂದೇಶ ಬರುತ್ತದೆ, ಆಗ ಗ್ರಂಥಿಯ ಒಳಭಾಗ ಎದೆಬಡಿತ, ಬಿಪಿ ಏರಿಸುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎರಡನ್ನೂ ರಕ್ತಕ್ಕೆ ಬಿಡುತ್ತದೆ. ಗಡ್ಡೆ ನರದ ಅಪ್ಪಣೆಗೆ ಕಾಯುವುದಿಲ್ಲ. ಬಗ್ಗಿ ಹೊಟ್ಟೆ ಒತ್ತಿದರೂ ಸಾಕು, ಅವನ್ನು ರಕ್ತಕ್ಕೆ ಸುರಿಯುತ್ತದೆ. “ಅಂದ್ರ ನನ್ನ ತೆಲಿ ಕೆಟ್ಟಿಲ್ಲ?” ಎಂದು ಆಕೆ ಗಂಡನ ಕಡೆ ತಿರುಗಿ ಕೇಳಿದರು.

ಆಪರೇಷನ್‌ಗೆ ಮುಂಚೆ ಎರಡು ವಾರ ಆಲ್ಫಾ ಬ್ಲಾಕರ್, ಜೊತೆಗೆ ಉಪ್ಪು-ನೀರು ಜಾಸ್ತಿ. ಅತ್ತೆ ಜಗಳಕ್ಕೇ ನಿಂತರು: “ಬಿಪಿ ಇದ್ದಾಕಿಗಿ ಉಪ್ಪಾ?” ಅವರನ್ನೂ ಕರೆಸಿದೆ. ಇಷ್ಟು ದಿನ ಬಿಗಿದಿದ್ದ ರಕ್ತನಾಳ ಮಾತ್ರೆಯಿಂದ ಸಡಿಲವಾಗುತ್ತದೆ, ಅದನ್ನು ತುಂಬಲು ನೀರು, ಉಪ್ಪು ಬೇಕು. ಇದು ಸೊಸೆಗೆ ಮಾತ್ರ, ನಿಮ್ಮ ಬಿಪಿಗಲ್ಲ ಎಂದೆ. ಗೊಣಗುತ್ತಲೇ ಒಪ್ಪಿದರು.

ಆಪರೇಷನ್ ಆಯಿತು. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ ಎಂದಿದ್ದೇನೆ.

ಕಷ್ಟವಾಗಿದ್ದು ಜೀನ್ ಪರೀಕ್ಷೆಯ ಮಾತು. ಈ ಗಡ್ಡೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ವಂಶದಿಂದ ಬಂದಿರುತ್ತದೆ. ಮಗಳ ಮದುವೆಗೆ ಅಡ್ಡಿಯಾದೀತು ಎಂದು ಗಂಡ ಬೇಡ ಅಂದರು. ಗೊತ್ತಿಲ್ಲದೆ ಉಳಿದ ಗಡ್ಡೆ ಹೆರಿಗೆಯಲ್ಲೋ, ಅರಿವಳಿಕೆ ಕೊಟ್ಟಾಗಲೋ ಜೀವಕ್ಕೇ ಕುತ್ತು ತರಬಹುದು. ಮೊದಲು ತಾಯಿಗೆ ಮಾತ್ರ ಪರೀಕ್ಷೆ ಮಾಡಿಸಿ, ಅಲ್ಲಿ ದೋಷ ಸಿಕ್ಕರೆ ಮಗಳದು ನೋಡೋಣ ಎಂದೆ. ಒಪ್ಪಿದರು. “ನಮ್ಮ ಅವ್ವಗ ಮಾತ್ರ ಹೇಳಬ್ಯಾಡ್ರಿ” ಅಂದರು ಗಂಡ. ನಾನೂ ಹೇಳಿಲ್ಲ.